ಹಳದಿ ಲೈನ್ ಹಿಡಿದು ದೆಹಲಿ: ಡಿಯು ತಲುಪುವ, ಊರು ಸುತ್ತುವ ಬಗೆ

ದೆಹಲಿ ವಿಶ್ವವಿದ್ಯಾಲಯದಲ್ಲಿ (ಡಿಯು) ಸೀಟು ಸಿಕ್ಕಿತು ಎಂದ ತಕ್ಷಣ ಮನೆಯಲ್ಲಿ ಎಲ್ಲರೂ ಕೇಳುವುದು ಹಾಸ್ಟೆಲ್ ಬಗ್ಗೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಕಾಲೇಜು ದೆಹಲಿಯ ಯಾವ ಮೂಲೆಯಲ್ಲಿದೆ ಎಂಬುದನ್ನು. 1922ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಒಂದು ಕಾಂಪೌಂಡಿನೊಳಗೆ ಇಲ್ಲ. ಹಿಂದೂ, ಸೇಂಟ್ ಸ್ಟೀಫನ್ಸ್, ಮಿರಾಂಡಾ ಹೌಸ್, ರಾಮಜಸ್, ಕಿರೋಡಿಮಲ್, ಹಂಸರಾಜ್, ಎಸ್‌ಆರ್‌ಸಿಸಿ ಇವೆಲ್ಲ ನಾರ್ತ್ ಕ್ಯಾಂಪಸ್ಸಿನ ಸುತ್ತ ಇವೆ. ಶ್ರೀ ವೆಂಕಟೇಶ್ವರ, ಎಆರ್‌ಎಸ್‌ಡಿ, ಮೈತ್ರೇಯಿ ಸೌತ್ ಕ್ಯಾಂಪಸ್ ಕಡೆ, ಧೌಲಾ ಕುವಾ ಬಳಿ. ಉಳಿದವು ಊರ ತುಂಬ ಚದುರಿವೆ: ದೀನ್ ದಯಾಳ್ ಉಪಾಧ್ಯಾಯ ಕಾಲೇಜು ದ್ವಾರಕಾದಲ್ಲಿ, ಕೇಶವ ಮಹಾವಿದ್ಯಾಲಯ ಪೀತಮ್‌ಪುರಾದಲ್ಲಿ, ಶ್ಯಾಮಲಾಲ್ ಶಾಹದರಾದಲ್ಲಿ, ಅದಿತಿ ಮಹಾವಿದ್ಯಾಲಯ ಬವಾನಾದಲ್ಲಿ. "ಡಿಯು ಅಂದರೆ ಕಮಲಾ ನಗರ" ಎಂದು ಯಾರೋ ಹೇಳಿದ್ದನ್ನು ನಂಬಿ ನಾರ್ತ್ ಕ್ಯಾಂಪಸ್ ಪಕ್ಕದ ಆ ಬಡಾವಣೆಯಲ್ಲಿ ರೂಮು ಮಾಡಿದವರು ದ್ವಾರಕಾದ ಕಾಲೇಜಿಗೆ ದಿನಾ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಬೇಕಾಗುತ್ತದೆ.

ಇನ್ನೊಂದು ತೊಡಕು ಸೀಟು ಹಂಚಿಕೆಯ ಕ್ರಮದಲ್ಲೇ ಇದೆ. ಪದವಿ ಪ್ರವೇಶ 2022ರಿಂದ ಸಿಯುಇಟಿ (ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕದ ಮೇಲೆ, ಡಿಯು ಸೀಟು ಹಂಚುವ ಸಿಎಸ್‌ಎಎಸ್ ಪೋರ್ಟಲ್ ಮೂಲಕ ಸುತ್ತು ಸುತ್ತಾಗಿ ನಡೆಯುತ್ತಿದೆ. ಸುತ್ತಿನಲ್ಲಿ ಸೀಟು ತೋರಿಸಿದರೆ ಕೊಟ್ಟ ಗಡುವಿನೊಳಗೆ ಒಪ್ಪಿಕೊಳ್ಳಬೇಕು, ಕಾಲೇಜು ದಾಖಲೆ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಫೀಸು ಕಟ್ಟಬೇಕು. ಏನೂ ಮಾಡದೆ ಕೂತರೆ ಬೇಡ ಎಂದಂತೆ ಲೆಕ್ಕ, ಮುಂದಿನ ಸುತ್ತಿಗೂ ಹೆಸರು ಇರುವುದಿಲ್ಲ. ಫೀಸು ಕಟ್ಟಿದ ಮೇಲೆ "ಫ್ರೀಜ್" ಇಲ್ಲವೇ "ಅಪ್‌ಗ್ರೇಡ್" ಆಯ್ಕೆ ಬರುತ್ತದೆ. ಅಪ್‌ಗ್ರೇಡ್ ಒತ್ತಿದವರ ಸೀಟು ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಕಾಲೇಜಿಗೆ ತಾನಾಗಿ ಹೋಗುತ್ತದೆ, ಹಳೆಯ ಸೀಟು ಕೈಬಿಡುತ್ತದೆ. ಆದ್ದರಿಂದ ಸೀಟು ಫ್ರೀಜ್ ಆಗುವವರೆಗೆ ಪಿಜಿಗೆ ಅಡ್ವಾನ್ಸ್ ಕೊಡಬೇಡಿ. ದ್ವಾರಕಾದಲ್ಲಿ ರೂಮು ಹಿಡಿದ ವಾರಕ್ಕೆ ಸೀಟು ನಾರ್ತ್ ಕ್ಯಾಂಪಸ್ಸಿಗೆ ಬಂದರೆ ಖುಷಿಯೇನೋ ಸರಿ, ಅಡ್ವಾನ್ಸ್ ಹಿಂದಿರುಗುವುದಿಲ್ಲ.

ದಾಖಲೆಗಳ ವಿಷಯದಲ್ಲಿ ಕರ್ನಾಟಕದವರು ಎಡವುವುದು ಹೆಚ್ಚಾಗಿ ಜಾತಿ ಪ್ರಮಾಣಪತ್ರದಲ್ಲಿ. ನಮ್ಮ ಪ್ರವರ್ಗ-1, 2ಎ, 3ಎ, 3ಬಿ ಲೆಕ್ಕ ರಾಜ್ಯದ್ದು. ಡಿಯು ಕೇಳುವುದು ಕೇಂದ್ರದ ಒಬಿಸಿ ಪಟ್ಟಿಯ ಪ್ರಕಾರ, ಕೇಂದ್ರ ಸರ್ಕಾರದ ನಮೂನೆಯಲ್ಲಿ ಕೊಟ್ಟ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ. ಎರಡೂ ಪಟ್ಟಿಗಳು ಒಂದೇ ಅಲ್ಲ. ಆದ್ದರಿಂದ ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಇದೆಯೇ, ಅಕ್ಷರ ಸಹಿತ ಹಾಗೆಯೇ ಇದೆಯೇ ನೋಡಿಕೊಳ್ಳಿ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ "ಕೇಂದ್ರದ ಒಬಿಸಿ" ಎಂದೇ ಹೇಳಬೇಕು, ಇಲ್ಲದಿದ್ದರೆ ರಾಜ್ಯದ ಜಾತಿ-ಆದಾಯ ಪತ್ರ ಕೈಗೆ ಬರುತ್ತದೆ. ಆ ವರ್ಷದ ಏಪ್ರಿಲ್ 1 ಅಥವಾ ಅದರ ನಂತರದ ದಿನಾಂಕ ಇರಬೇಕು. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ) ಪತ್ರಕ್ಕೂ ಇದೇ ಎಚ್ಚರ. ಕನ್ನಡದಲ್ಲಿ ಮಾತ್ರ ಇರುವ ಕಾಗದವನ್ನು ಅಲ್ಲಿನ ಗುಮಾಸ್ತರು ಓದಲಾರರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ (ಹುಟ್ಟಿದ ದಿನಾಂಕಕ್ಕೆ), ದ್ವಿತೀಯ ಪಿಯುಸಿ ಅಂಕಪಟ್ಟಿ, ಸಿಯುಇಟಿ ಸ್ಕೋರ್‌ಕಾರ್ಡ್, ಮೈಗ್ರೇಷನ್ ಸರ್ಟಿಫಿಕೇಟ್, ಟಿಸಿ ಇವುಗಳ ಮೂಲಪ್ರತಿ ಮತ್ತು ಮೂರು ಸೆಟ್ ಜೆರಾಕ್ಸ್ ಸಾಕು. ಇವನ್ನು ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ, ಹೆಗಲ ಬ್ಯಾಗಿನಲ್ಲೇ ಇರಲಿ.

ರೈಲಿನಲ್ಲಿ ಹೋಗುವವರಿಗೆ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ (12627) ನವದೆಹಲಿ ನಿಲ್ದಾಣಕ್ಕೆ ಹೋಗುತ್ತದೆ. ಹೊರಟ ಮೂರನೆಯ ದಿನ ಬೆಳಿಗ್ಗೆ ಮುಟ್ಟುತ್ತದೆ. ರಾಜಧಾನಿಯೂ (22691), ಸಂಪರ್ಕ ಕ್ರಾಂತಿಯೂ ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೆ ಹೋಗುತ್ತವೆ. ಬೆಳಗಾವಿ ಕಡೆಯವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ, ಅದೂ ನಿಜಾಮುದ್ದೀನಿಗೆ. ಎರಡು ನಿಲ್ದಾಣಗಳಿಂದ ಮುಂದಿನ ದಾರಿ ಬೇರೆ ಬೇರೆ, ಟಿಕೆಟ್ ನೋಡಿ ಇದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಸೀಟು ಹಂಚಿಕೆ ಅಷ್ಟು ಮೊದಲು ಆಗದ ಕಾರಣ ಬಹಳ ಜನ ತತ್ಕಾಲ್ ಇಲ್ಲವೇ ವಿಮಾನಕ್ಕೆ ಹೋಗುತ್ತಾರೆ.

ನವದೆಹಲಿ ನಿಲ್ದಾಣಕ್ಕೆ ಎರಡು ಮುಖ. ಒಂದನೇ ಪ್ಲಾಟ್‌ಫಾರಂ ಪಹಾಡ್‌ಗಂಜ್ ಕಡೆ, ಹದಿನಾರನೆಯದು ಅಜ್ಮೇರಿ ಗೇಟ್ ಕಡೆ. ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ. ಇಳಿದ ಕೂಡಲೇ ಜನರ ಹಿಂದೆ ಹೋಗಿ ಪಹಾಡ್‌ಗಂಜ್ ಕಡೆ ಹೊರಬಿದ್ದರೆ ಲಗೇಜು ಹೊತ್ತು ಮತ್ತೆ ಅಷ್ಟೂ ಪ್ಲಾಟ್‌ಫಾರಂ ದಾಟಬೇಕು. ಸೇತುವೆ ಹತ್ತಿ ಸಂಖ್ಯೆ ಏರುವ ದಿಕ್ಕಿಗೆ ನಡೆದರೆ ಸರಿಯಾಗಿ ಹೋಗುತ್ತೀರಿ. ಹೊರಗೆ "ಎಲ್ಲಿಗೆ, ಎಲ್ಲಿಗೆ" ಎಂದು ಮುತ್ತುವವರಿಗೆ ಉತ್ತರ ಕೊಡದೆ ನಡೆಯುವುದೇ ಲೇಸು. ನಿಮ್ಮ ಟಿಕೆಟ್ ಸರಿಯಿಲ್ಲ, ಬುಕಿಂಗ್ ಆಫೀಸು ಬೇರೆ ಕಡೆ ಹೋಗಿದೆ, ಮೆಟ್ರೋ ಇವತ್ತು ಬಂದ್ ಎಂಬ ಮಾತುಗಳೆಲ್ಲ ಯಾವುದೋ ಟ್ರಾವೆಲ್ಸ್ ಅಂಗಡಿಗೆ ಅಥವಾ ದುಬಾರಿ ಆಟೋಗೆ ಹತ್ತಿಸುವ ಉಪಾಯ.

ನವದೆಹಲಿ ಮೆಟ್ರೋ ನಿಲ್ದಾಣದಿಂದ ಹಳದಿ ಲೈನಿನಲ್ಲಿ ಸಮಯಪುರ್ ಬಾದ್ಲಿ ಕಡೆಯ ಗಾಡಿ ಹತ್ತಬೇಕು. ಚಾವ್ಡಿ ಬಜಾರ್, ಚಾಂದನಿ ಚೌಕ್, ಕಾಶ್ಮೀರಿ ಗೇಟ್, ಸಿವಿಲ್ ಲೈನ್ಸ್, ವಿಧಾನಸಭಾ, ಆರನೆಯದೇ ವಿಶ್ವವಿದ್ಯಾಲಯ ನಿಲ್ದಾಣ. ಈ ಲೈನು 2004ರ ಡಿಸೆಂಬರಿನಲ್ಲಿ ಮೊದಲು ಓಡಿದ್ದೇ ವಿಶ್ವವಿದ್ಯಾಲಯದಿಂದ ಕಾಶ್ಮೀರಿ ಗೇಟ್‌ವರೆಗೆ. ಇಂದ್ರಪ್ರಸ್ಥ ಮಹಿಳಾ ಕಾಲೇಜಿಗೆ ಹೋಗುವವರು ಸಿವಿಲ್ ಲೈನ್ಸ್‌ನಲ್ಲೇ ಇಳಿಯಬೇಕು, ಹಡ್ಸನ್ ಲೇನ್, ಮುಖರ್ಜಿ ನಗರದಲ್ಲಿ ರೂಮು ಇದ್ದವರು ಒಂದು ನಿಲ್ದಾಣ ಮುಂದೆ ಹೋಗಿ ಜಿಟಿಬಿ ನಗರದಲ್ಲಿ.

ನಿಜಾಮುದ್ದೀನಿನಲ್ಲಿ ಇಳಿದರೆ ಸರಾಯ್ ಕಾಲೇ ಖಾನ್ ಕಡೆಯಿಂದ ಹೊರಗೆ ಬನ್ನಿ, ಗುಲಾಬಿ ಲೈನಿನ ಮೆಟ್ರೋ ಅಲ್ಲಿದೆ. ಲಾಜಪತ್ ನಗರ, ದಿಲ್ಲಿ ಹಾಟ್ ಕಡೆ ಹೋಗುವ ಗಾಡಿ ಹತ್ತಿ. ನಾರ್ತ್ ಕ್ಯಾಂಪಸ್ಸಿಗಾದರೆ ದಿಲ್ಲಿ ಹಾಟ್-ಐಎನ್‌ಎಯಲ್ಲಿ ಹಳದಿ ಲೈನಿಗೆ ಬದಲಾಯಿಸಬೇಕು. ಸೌತ್ ಕ್ಯಾಂಪಸ್ಸಿಗಾದರೆ ಇಳಿಯುವ ಕೆಲಸವೇ ಇಲ್ಲ, ಅದೇ ಗಾಡಿ ನೇರ ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್ ನಿಲ್ದಾಣಕ್ಕೆ ಹೋಗುತ್ತದೆ. ಅದರ ಹಿಂದಿನ ನಿಲ್ದಾಣದ ಹೆಸರು ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರಿಗೂ ಆಚೆ ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿದರೆ ಮುಂದಿನದು ನಿಮ್ಮ ಸ್ಟಾಪು ಎಂದು ಎದ್ದು ನಿಲ್ಲಬಹುದು.

ವಿಮಾನದವರು ಟರ್ಮಿನಲ್ ಸಂಖ್ಯೆಯನ್ನು ಟಿಕೆಟ್‌ನಲ್ಲೇ ನೋಡಿಟ್ಟುಕೊಳ್ಳಬೇಕು. ಟರ್ಮಿನಲ್ 2 ಮತ್ತು 3 ಅಕ್ಕಪಕ್ಕ, 1 ಬೇರೆಯೇ ಜಾಗ. ಟಿ-3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಲೈನು ಸುಮಾರು ಇಪ್ಪತ್ತು ನಿಮಿಷದಲ್ಲಿ ನವದೆಹಲಿಗೆ ಬರುತ್ತದೆ, ಅಲ್ಲಿಂದ ಹಳದಿ ಲೈನು. ಸೌತ್ ಕ್ಯಾಂಪಸ್ಸಿನವರು ನಡುವೆ ಧೌಲಾ ಕುವಾದಲ್ಲೇ ಇಳಿಯಬಹುದು. ಅಲ್ಲಿಂದ ಗುಲಾಬಿ ಲೈನಿನ ಸೌತ್ ಕ್ಯಾಂಪಸ್ ನಿಲ್ದಾಣದವರೆಗೆ ಒಂದು ಕಿಲೋಮೀಟರಿಗೂ ಉದ್ದದ ಮೇಲ್ನಡಿಗೆ ದಾರಿ ಇದೆ, ಕಾಲಿಗೆ ಕೆಲಸ ಕಡಿಮೆಯಾಗಲೆಂದು ಚಲಿಸುವ ಪಟ್ಟಿಗಳನ್ನೂ ಹಾಕಿದ್ದಾರೆ. ಟಿ-1ರಲ್ಲಿ ಮಜೆಂಟಾ ಲೈನು. ಬೊಟಾನಿಕಲ್ ಗಾರ್ಡನ್ ಕಡೆ ಹೋಗಿ ಹೌಜ್ ಖಾಸ್‌ನಲ್ಲಿ ಇಳಿದು ಹಳದಿ ಲೈನು ಹಿಡಿಯಿರಿ. ಜೆಎನ್‌ಯುಗೆ ಹೋಗುವವರಿಗೂ ಇದೇ ಲೈನು, ಮುನಿರ್ಕಾದಲ್ಲಿ ಇಳಿಯಬೇಕು. ಅಮ್ಮ ಕಟ್ಟಿಕೊಟ್ಟ ಒಣ ಕೊಬ್ಬರಿ ಚೆಕ್-ಇನ್ ಲಗೇಜಿನಲ್ಲಿದ್ದರೆ ತೆಗೆಸುತ್ತಾರೆ (ಬೇಗ ಬೆಂಕಿ ಹಿಡಿಯುವ ವಸ್ತುಗಳ ಲೆಕ್ಕಕ್ಕೆ ಸೇರಿದೆ). ಮೆಣಸಿನಕಾಯಿ ಉಪ್ಪಿನಕಾಯಿ ಇದಕ್ಕೆ ತಿರುಗಾಮುರುಗ, ಅದನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ಮೆಟ್ರೋದಲ್ಲಿ ಲಗೇಜಿಗೆ ಮಿತಿ ಇದೆ: ಒಬ್ಬರಿಗೆ 25 ಕಿಲೋ, ಏರ್‌ಪೋರ್ಟ್ ಲೈನಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ತೂಕ ನೋಡುವವರಿಲ್ಲದಿದ್ದರೂ ಎಕ್ಸ್-ರೇ ಯಂತ್ರದ ಬಾಯಿಗೆ ಹಿಡಿಸದ ಪೆಟ್ಟಿಗೆ, ಹಾಸಿಗೆ ಸುರುಳಿ ತಂದರೆ ನಿಲ್ಲಿಸುತ್ತಾರೆ. ಅಡುಗೆ ಚಾಕುವೂ ತೊಂದರೆ ಕೊಡುತ್ತದೆ, ಅದನ್ನು ದೆಹಲಿಯಲ್ಲೇ ಕೊಳ್ಳಿ. ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು, ಈ ಹೊತ್ತಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಹಳದಿ ಲೈನು ಹತ್ತುವ ಸಾಹಸ ಬೇಡ. ಗಾಡಿ ಹೋಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಅದು ತಿಳಿಯದೆ ಗಡಿಬಿಡಿಯಲ್ಲಿ ಹತ್ತಿದ ಹುಡುಗರು ದಂಡ ಕಟ್ಟಬೇಕಾಗುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ಮೆಟ್ರೋ ಮುಗಿಯುತ್ತದೆ. ಅದರ ನಂತರ ರೈಲು ಇಳಿದರೆ ನಿಲ್ದಾಣದ ವೇಟಿಂಗ್ ರೂಮಿನಲ್ಲೇ ಬೆಳಗು ಮಾಡಿ.

ದರ 2025ರ ಆಗಸ್ಟಿನಲ್ಲಿ ಏರಿತು. ಈಗ ಕನಿಷ್ಠ ₹11, ಗರಿಷ್ಠ ₹64. ಏರ್‌ಪೋರ್ಟ್ ಲೈನಿನ ಲೆಕ್ಕ ಬೇರೆ. ಭಾನುವಾರ, ರಾಷ್ಟ್ರೀಯ ರಜೆಗಳಲ್ಲಿ ದೂರದ ಪ್ರಯಾಣಕ್ಕೆ ಕಡಿಮೆ. ಸ್ಮಾರ್ಟ್ ಕಾರ್ಡಿಗೆ ಶೇ 10 ರಿಯಾಯಿತಿ, ಬೆಳಿಗ್ಗೆ ಎಂಟರ ಮೊದಲು, ಮಧ್ಯಾಹ್ನ 12ರಿಂದ 5, ರಾತ್ರಿ ಒಂಬತ್ತರ ನಂತರ ಇನ್ನೂ ಶೇ 10. ನಮ್ಮ ಮೆಟ್ರೋದ ಸಾದಾ ಕಾರ್ಡು ಇಲ್ಲಿ ನಡೆಯುವುದಿಲ್ಲ, ಆದರೆ ಬೆಂಗಳೂರಿನಲ್ಲಿ ಮಾಡಿಸಿದ ಎನ್‌ಸಿಎಂಸಿ ಕಾರ್ಡು (ಬೇರೆ ಬೇರೆ ಊರುಗಳ ಮೆಟ್ರೋಗೆ ಒಂದೇ ಕಾರ್ಡು) ನಡೆಯುತ್ತದೆ. ಅದರಲ್ಲಿ ಹಣ ತುಂಬಿಸಿ ತಂದರೆ ಮೊದಲ ದಿನ ಟಿಕೆಟ್ ಸಾಲು ತಪ್ಪುತ್ತದೆ.

ವಿಶ್ವವಿದ್ಯಾಲಯ ನಿಲ್ದಾಣದ ಹೊರಗೆ ಇ-ರಿಕ್ಷಾಗಳ ಸಾಲು. ಸೀಟಿಗೆ ಹತ್ತು, ಇಪ್ಪತ್ತು ರೂಪಾಯಿ. ಲಗೇಜು ಕಂಡರೆ "ಬುಕಿಂಗ್" ಎಂದು ಇಡೀ ಗಾಡಿಯ ದುಡ್ಡು ಕೇಳುತ್ತಾರೆ, "ಶೇರಿಂಗ್" ಎಂದು ಮೊದಲೇ ಹೇಳಿ ಹತ್ತಬೇಕು. ಆಟೋ ಮೀಟರ್ ದರ ಮೊದಲ ಒಂದೂವರೆ ಕಿಲೋಮೀಟರಿಗೆ ₹30, ಆಮೇಲೆ ಕಿಲೋಮೀಟರಿಗೆ ₹11. ಮೀಟರ್ ಹಾಕುವ ಆಟೋ ಸಿಗುವುದು ಅಪರೂಪವಾದರೂ ಚೌಕಾಶಿಗೆ ಈ ಲೆಕ್ಕ ತಲೆಯಲ್ಲಿರಬೇಕು. ಲಗೇಜು ಇಲ್ಲದಿದ್ದರೆ ಕ್ಯಾಂಪಸ್ ನಡೆದು ನೋಡುವಂಥದ್ದೇ. ಛಾತ್ರ ಮಾರ್ಗದಲ್ಲಿ ಸಾಗಿದರೆ ಕಲಾ ವಿಭಾಗ, ಕಾನೂನು ವಿಭಾಗ, ಲೈಬ್ರರಿ ಎಲ್ಲ ಬರುತ್ತವೆ. ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್ ಎದುರಿನ ಓಣಿ ಜೆರಾಕ್ಸ್, ಬೈಂಡಿಂಗ್, ಹಳೆಯ ಪ್ರಶ್ನೆಪತ್ರಿಕೆಗಳ ಜಾಗ. ಕಾಲೇಜಿನಲ್ಲಿ ಯಾವ ನಕಲು ಕೇಳಿದರೂ ಅಲ್ಲಿಗೆ ಓಡುವುದು.

ರೂಮಿಗೆ ಕಮಲಾ ನಗರ, ವಿಜಯ ನಗರ, ಹಡ್ಸನ್ ಲೇನ್, ಮುಖರ್ಜಿ ನಗರ, ಶಕ್ತಿ ನಗರ ನೋಡಬಹುದು. ಕಮಲಾ ನಗರದಲ್ಲಿ ಅಂಗಡಿ, ಊಟ ಎಲ್ಲ ಕಾಲಬುಡದಲ್ಲೇ, ಅದರ ಬೆಲೆ ಬಾಡಿಗೆಯಲ್ಲಿ ಸೇರಿರುತ್ತದೆ. ವಿಜಯ ನಗರ ಓದುವವರಿಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅನಿಸಿಕೆ. ಪಿಜಿ ಒಪ್ಪುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಕರೆಂಟಿಗೆ ಯೂನಿಟ್ಟಿಗೆ ಎಷ್ಟು, ಸಬ್‌ಮೀಟರ್ ಬೇರೆ ಇದೆಯೇ ಎಂಬುದು ಮೊದಲನೆಯದು, ಏಕೆಂದರೆ ಆಗಸ್ಟಿನಲ್ಲಿ ಎಸಿ, ಜನವರಿಯಲ್ಲಿ ಗೀಸರ್-ಹೀಟರ್ ಓಡುವಾಗ ಬಾಡಿಗೆಗಿಂತ ಅದೇ ಕಾಡುತ್ತದೆ. ಎಷ್ಟು ತಿಂಗಳಿನ ಲಾಕ್-ಇನ್, ಮಧ್ಯೆ ಬಿಟ್ಟರೆ ಡಿಪಾಸಿಟ್ ಬರುತ್ತದೆಯೇ, ಭಾನುವಾರ ರಾತ್ರಿ ಊಟ ಇದೆಯೇ, ರಾತ್ರಿ ಗೇಟು ಎಷ್ಟಕ್ಕೆ ಮುಚ್ಚುತ್ತದೆ, ಉತ್ತರ ಬಂದದ್ದನ್ನು ಬರಹದಲ್ಲಿ ಪಡೆಯಿರಿ. ಕಿಟಕಿಯಿಲ್ಲದ ರೂಮನ್ನು ಎಷ್ಟೇ ಅಗ್ಗವಾದರೂ ಬಿಡಿ, ದೆಹಲಿಯ ಆಗಸ್ಟ್ ಸೆಕೆ ಬೆವರು ಆರಲು ಬಿಡುವುದಿಲ್ಲ. ಬ್ರೋಕರ್ ಇಲ್ಲದೆ ಎರಡು ಮೂರು ಓಣಿ ಸ್ವತಃ ತಿರುಗಿದರೆ ಗೇಟಿಗೆ ನೇತುಹಾಕಿದ "ಟು ಲೆಟ್" ಫಲಕಗಳು ಸಿಗುತ್ತವೆ. ಬಾಡಿಗೆದಾರರ ಪೊಲೀಸ್ ವೆರಿಫಿಕೇಷನ್ ಅರ್ಜಿ ಮನೆಮಾಲೀಕರು ಕೊಡಬೇಕು, ಅದರ ನಕಲು ಇಟ್ಟುಕೊಳ್ಳಿ.

ಕ್ಯಾಂಪಸ್ಸಿನ ಪಕ್ಕದಲ್ಲೇ ನೋಡುವಂಥದ್ದು ಬೇಕಾದಷ್ಟಿದೆ, ಬಹಳ ಜನ ಮೂರು ವರ್ಷ ಓದಿಯೂ ನೋಡಿರುವುದಿಲ್ಲ. ಕುಲಪತಿಗಳ ಕಚೇರಿ ಇರುವುದು ಹಳೆಯ ವೈಸ್‌ರೀಗಲ್ ಲಾಡ್ಜ್‌ನಲ್ಲಿ, ಅಂದರೆ ಹೊಸದೆಹಲಿ ಕಟ್ಟುವ ಮೊದಲು ವೈಸರಾಯ್ ಇದ್ದ ಮನೆ. ಅದರ ಹಿಂದೆ ಅರಾವಳಿಯ ಬಾಲದ ತುದಿಯಾದ ಉತ್ತರ ರಿಜ್ ಕಾಡು. ಅಲ್ಲಿನ ಫ್ಲ್ಯಾಗ್‌ಸ್ಟಾಫ್ ಗೋಪುರ 1828ರದು. 1857ರ ಮೇ 11ರಂದು ದೆಹಲಿಯಿಂದ ಓಡಿಬಂದ ಬ್ರಿಟಿಷ್ ಕುಟುಂಬಗಳು ಮೀರತ್‌ನಿಂದ ಸೈನ್ಯ ಬಂದೀತೆಂದು ಕಾದದ್ದು ಇಲ್ಲೇ. ಸೈನ್ಯ ಬರಲಿಲ್ಲ. ಇನ್ನಷ್ಟು ನಡೆದರೆ ಹಿಂದೂ ರಾವ್ ಆಸ್ಪತ್ರೆಯ ಹತ್ತಿರ ಅಶೋಕನ ಸ್ತಂಭ ಇದೆ. ಫಿರೋಜ್ ಷಾ ತುಘಲಕ್ ಮೀರತ್‌ನಿಂದ ತರಿಸಿದ್ದು, ಹದಿನೆಂಟನೇ ಶತಮಾನದಲ್ಲಿ ಸ್ಫೋಟವಾಗಿ ಒಡೆದು ಚೂರಾಗಿ, 1867ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು. ಬೆಳಗಿನ ಹೊತ್ತು ಹೋಗಿ. ಕೈಯಲ್ಲಿ ತಿಂಡಿ ಹಿಡಿದಿದ್ದರೆ ಕೋತಿಗಳು ಕೇಳದೆ ಕಿತ್ತುಕೊಳ್ಳುತ್ತವೆ, ಕತ್ತಲಾದ ಮೇಲೆ ಒಬ್ಬರೇ ಹೋಗುವ ಜಾಗ ಅಲ್ಲ.

ಊರು ನೋಡುವುದಕ್ಕೂ ಅದೇ ಹಳದಿ ಲೈನು ಸಾಕು. ಇದರ 37 ನಿಲ್ದಾಣಗಳಲ್ಲಿ ಮುಕ್ಕಾಲು ದೆಹಲಿ ಸಿಗುತ್ತದೆ. ಆದರೆ ವಾರ ನೋಡಿ ಹೊರಡಬೇಕು. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಲೋಟಸ್ ಟೆಂಪಲ್, ಅಕ್ಷರಧಾಮ ಸೋಮವಾರ ರಜೆ. ಚಾಂದನಿ ಚೌಕದ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ಹಾಗಾಗಿ ಹಳೆದೆಹಲಿಗೆ ಶನಿವಾರ ಬೆಳಿಗ್ಗೆಯೇ ಸರಿ. ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗಿನ ಮುಖ್ಯರಸ್ತೆಗೆ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ, ಆರಾಮಾಗಿ ನಡೆಯಬಹುದು. ಕೋಟೆಯ ಎದುರು ದಿಗಂಬರ ಜೈನರ ಲಾಲ್ ಮಂದಿರ, ಮುಂದೆ ಸೀಸ್‌ಗಂಜ್ ಗುರುದ್ವಾರ, ತುದಿಯಲ್ಲಿ ಫತೇಪುರಿ, ಅದರಾಚೆ ಮೆಣಸಿನ ಘಾಟಿಗೆ ಕೆಮ್ಮು ಬರಿಸುವ ಖಾರಿ ಬಾವಲಿ ಮಸಾಲೆ ಪೇಟೆ. ನಡುವೆ ಎಡಕ್ಕೆ ತಿರುಗುವ ನಯೀ ಸಡಕ್‌ನಲ್ಲಿ ಪಠ್ಯಪುಸ್ತಕ ರಿಯಾಯಿತಿಗೆ ಸಿಗುತ್ತವೆ. ಅದೇ ರಸ್ತೆಯಲ್ಲಿ ನಡೆದು ಚಾವ್ಡಿ ಬಜಾರ್ ಮುಟ್ಟಿ, 1656ರಲ್ಲಿ ಮುಗಿದ ಜಾಮಾ ಮಸೀದಿ ನೋಡಿ, ಚಾವ್ಡಿ ಬಜಾರ್ ಮೆಟ್ರೋದಲ್ಲೇ ವಾಪಸ್ಸಾಗಬಹುದು. ಆ ನಿಲ್ದಾಣ ಬಹಳ ಆಳದಲ್ಲಿದೆ, ಎಸ್ಕಲೇಟರ್ ಇಳಿದಷ್ಟೂ ಮುಗಿಯುವುದಿಲ್ಲ. ದರಿಯಾಗಂಜ್‌ನ ಭಾನುವಾರದ ಪುಸ್ತಕ ಸಂತೆ 2019ರಿಂದ ಫುಟ್‌ಪಾತಿನಲ್ಲಿಲ್ಲ, ದಿಲ್ಲಿ ಗೇಟ್ ಮೆಟ್ರೋ ಹತ್ತಿರದ ಮಹಿಳಾ ಹಾಟ್‌ನೊಳಗೆ ಕೂರುತ್ತದೆ.

ದಕ್ಷಿಣಕ್ಕೆ ಹೋದಂತೆ ರಾಜೀವ್ ಚೌಕ್, ಮೇಲೆ ಬಂದರೆ ಕನಾಟ್ ಪ್ಲೇಸಿನ ವೃತ್ತ. ಎಲ್ಲ ಕಂಬಗಳೂ ಒಂದೇ ಥರ ಕಾಣುವುದರಿಂದ ಸ್ನೇಹಿತರನ್ನು ಸೇರುವುದಾದರೆ ಮೆಟ್ರೋ ಗೇಟಿನ ಸಂಖ್ಯೆ ಹೇಳಿ, "ಸಿಪಿ ಹತ್ತಿರ" ಎಂದರೆ ಅರ್ಧ ಗಂಟೆ ಸುತ್ತುವುದೇ ಆಯಿತು. ಪಟೇಲ್ ಚೌಕ್‌ನಲ್ಲಿ ಜಂತರ್ ಮಂತರ್, ಸೆಂಟ್ರಲ್ ಸೆಕ್ರೆಟರಿಯೇಟ್‌ನಲ್ಲಿ ಕರ್ತವ್ಯ ಪಥ. ಜೋರ್ ಬಾಗ್‌ನಲ್ಲಿ ಇಳಿದರೆ ಸಫ್ದರ್‌ಜಂಗ್ ಗೋರಿಯೂ, ದುಡ್ಡು ಕೊಡದೆ ಒಳಹೋಗಬಹುದಾದ ಲೋಧಿ ಉದ್ಯಾನವೂ ಹತ್ತಿರ. ಐಎನ್‌ಎ ಮಾರುಕಟ್ಟೆಯಲ್ಲಿ ದಕ್ಷಿಣದ ತರಕಾರಿ, ಕರಿಬೇವು, ತೆಂಗಿನಕಾಯಿ ಸಿಗುವುದರಿಂದ ಸ್ವತಃ ಅಡುಗೆ ಮಾಡುವವರಿಗೆ ತಿಂಗಳಿಗೊಮ್ಮೆ ಅಲ್ಲಿ ಕೆಲಸ ಇದ್ದೇ ಇದೆ. ಕನ್ನಡದ ನಾಟಕ, ಹಬ್ಬ, ಕಾರ್ಯಕ್ರಮ ಬೇಕೆನಿಸಿದರೆ ಆರ್.ಕೆ. ಪುರಂನ ರಾವ್ ತುಲಾರಾಂ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ಕುತುಬ್ ಮಿನಾರ್ ಎಂಬ ಹೆಸರಿನ ನಿಲ್ದಾಣ ನಂಬಿ ಇಳಿದರೆ ಮಿನಾರು ಎದುರಿಗೇ ಇರುವುದಿಲ್ಲ, ಆಟೋ ಹಿಡಿಯುವಷ್ಟು ದೂರ. ಅಲ್ಲಿ, ಹುಮಾಯೂನ್ ಗೋರಿಯಲ್ಲಿ ಭಾರತೀಯರಿಗೆ ಟಿಕೆಟ್ ₹40, ಕ್ಯೂಆರ್ ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಕೊಂಡರೆ ₹35, ಸಾಲೂ ಇಲ್ಲ.

ಇದೆಲ್ಲ ಸುತ್ತಾಟ ಅಕ್ಟೋಬರ್ ಮಧ್ಯದೊಳಗೆ ಒಂದು ಹಂತ ಮುಗಿಸಿಕೊಳ್ಳಿ. ದೀಪಾವಳಿಯ ಆಚೀಚೆ ಗಾಳಿ ಕೆಡುತ್ತದೆ. ವಾಯು ಸೂಚ್ಯಂಕ 400 ದಾಟಿದರೆ ಗ್ರ್ಯಾಪ್‌ನ (ಮಾಲಿನ್ಯ ತಡೆಗೆ ಹಂತಹಂತವಾಗಿ ನಿರ್ಬಂಧ ಹೇರುವ ಯೋಜನೆ) ಮೂರನೇ ಹಂತ, 450 ದಾಟಿದರೆ ನಾಲ್ಕನೆಯದು. 2024ರ ನವೆಂಬರಿನಲ್ಲಿ ಡಿಯು, ಜೆಎನ್‌ಯು ತರಗತಿಗಳೇ ಕೆಲವು ದಿನ ಆನ್‌ಲೈನಿಗೆ ಹೋದವು. ಆ ದಿನಗಳಲ್ಲಿ ಬಟ್ಟೆಯ ಮಾಸ್ಕ್ ಉಪಯೋಗವಿಲ್ಲ, ಎನ್95 ಬೇಕು, ಅಸ್ತಮಾ ಇದ್ದವರು ಇನ್‌ಹೇಲರನ್ನು ಊರಿನಿಂದಲೇ ತನ್ನಿ. ಚಳಿಯ ಬಟ್ಟೆಯನ್ನು ಮಾತ್ರ ಊರಿನಿಂದ ತರಬೇಡಿ. ಬೆಂಗಳೂರಿನ ಸ್ವೆಟರು ಡಿಸೆಂಬರಿನ ದೆಹಲಿಗೆ ಏನೂ ಅಲ್ಲ. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಹತ್ತಿರದ ಮಾನೆಸ್ಟರಿ ಮಾರ್ಕೆಟ್‌ನಲ್ಲಿ, ಟಿಬೆಟನ್ನರ ಮಜನೂ ಕಾ ಟೀಲಾದಲ್ಲಿ ಜಾಕೆಟ್, ಥರ್ಮಲ್ ಕಡಿಮೆಗೆ ಸಿಗುತ್ತವೆ, ರಜಾಯಿಯನ್ನು ಕಮಲಾ ನಗರದಲ್ಲೇ ಕೊಳ್ಳಬಹುದು.

ಚಳಿಗಾಲದ ರಜೆಗೆ ಊರಿಗೆ ಹೊರಡುವವರು ಮಂಜಿನ ಲೆಕ್ಕ ಹಾಕಲೇಬೇಕು. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಬೆಳಗಿನ ಜಾವ ದಟ್ಟ ಮಂಜು ಬಿದ್ದು ವಿಮಾನ, ರೈಲು ಎರಡೂ ಗಂಟೆಗಟ್ಟಲೆ ತಡವಾಗುತ್ತವೆ. ವಿಮಾನವಾದರೆ ಮಧ್ಯಾಹ್ನ ಒಂದು ಗಂಟೆಯ ನಂತರದ್ದು ನೋಡಿ, ಅಷ್ಟು ಹೊತ್ತಿಗೆ ಮಂಜು ಕರಗಿರುತ್ತದೆ. ರೈಲಾದರೆ ಬೆಂಗಳೂರಿನಲ್ಲಿ ಅದೇ ದಿನ ಮುಂದಿನ ಗಾಡಿ ಹಿಡಿಯುವ ಟಿಕೆಟ್ ಮಾಡಿಸಬೇಡಿ. ಬೆಂಗಳೂರಿನಿಂದ ಮಂಗಳೂರು ಕಡೆ ಹೋಗಬೇಕಾದವರು ನಡುವೆ ಒಂದು ರಾತ್ರಿಯ ಅಂತರ ಇಟ್ಟುಕೊಂಡೇ ಬುಕ್ ಮಾಡಬೇಕು.